ಎರಡು ಕೋರ್, ಹನ್ನೆರಡು ಸೆಕೆಂಡು

ಮಹಾನಂದಾ ಸೂರ್ಯಕಾಂತನನ್ನು ಮೊದಲ ಸಲ ನೋಡಿದಾಗ ಅವನ ಅಂಗಿಯ ತುಂಬ ಅವಳ ಅಣ್ಣನ ರಕ್ತವಿತ್ತು.

ಕಲಬುರಗಿಯ ದವಾಖಾನೆಯೊಂದರ ಬಾಗಿಲಿಗೆ ಟೆಂಪೊ ಬಂದು ನಿಂತಿತು. ಹಿಂದಿನಿಂದ ಎತ್ತರದ ಆಳೊಬ್ಬ ಇಳಿದ. ಎರಡೂ ತೋಳಿನ ಮೇಲೆ ಸಾಯಬಣ್ಣನನ್ನು ಹೊತ್ತಿದ್ದ. ಸಾಯಬಣ್ಣನ ತಲೆಗೆ ಕಟ್ಟಿದ್ದ ಬಟ್ಟೆ ಪೂರ್ತಿ ತೊಯ್ದು, ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

ಫೋನು ಬಂದ ಕೂಡಲೇ ಓಡಿ ಬಂದಿದ್ದ ಮಹಾನಂದಾ ಆ ಆಳಿನ ಕಾಲರ್ ಹಿಡಿದಳು.

"ಯಾರ್ ಬಡದ್ರು ನಮ್ಮಣ್ಣಗ? ಹೇಳ್ರಿ... ಯಾರ್ ಬಡದ್ರು?"

"ಮಾರಿಗೆ ಟವೆಲ್ ಸುತಗೊಂಡಿದ್ದ ರೀ. ಗುರ್ತ ಸಿಗಲಿಲ್ಲ," ಎಂದ ಅವನು, ಏದುಸಿರು ಬಿಡುತ್ತ. "ಮೊದಲ ಒಳಗ ಹೋಗಾಕ ಬಿಡ್ರಿ. ನೆತ್ತರ ಭಾಳ ಹೋಗ್ಯದ."

ಅವಳು ಕಾಲರ್ ಬಿಟ್ಟಳು. ಅಂಗೈ ಅಂಟಂಟಾಗಿತ್ತು.

ಪ್ರೀತಿ ಹುಟ್ಟುವುದಕ್ಕೆ ಇದೆಂಥ ಜಾಗ, ಇದೆಂಥ ಹೊತ್ತು ಎಂದು ನೀವು ಕೇಳಬಹುದು. ಕೇಳಿ. ಆದರೆ ಆ ಸಂಜೆ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ರಕ್ತ ಬೇಕೆಂದು ನರ್ಸ್ ಕೂಗಿದಾಗ, ಆ ಅಪರಿಚಿತ ಅಂಗಿಯ ತೋಳು ಮಡಚಿ ಎದ್ದು ಹೋದದ್ದನ್ನು ಮಹಾನಂದಾ ನೋಡಿದಳು. ನೋಡಿದ್ದನ್ನು ಮರೆಯುವುದು ಅವಳ ಕೈಯಲ್ಲಿರಲಿಲ್ಲ.

ಸಾಯಬಣ್ಣ ಕಮಲಾಪುರದಲ್ಲಿ ಕೆಂಬಾಳೆ ವ್ಯಾಪಾರ ಮಾಡುತ್ತಿದ್ದವನು. ಗೊಬ್ಬರದಂಗಡಿಯ ಹಿಂದಿನ ಓಣಿಯಲ್ಲಿ ಬಾಳೆಗೊನೆ ಇಳಿಸುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಕಬ್ಬಿಣದ ರಾಡಿನಿಂದ ತಲೆಗೆ ಹೊಡೆದಿದ್ದರು. ಸೂರ್ಯಕಾಂತನ ವೆಲ್ಡಿಂಗ್ ಅಂಗಡಿಯ ಬಾಗಿಲು ಅದೇ ಓಣಿಗೆ ತೆರೆಯುತ್ತಿತ್ತು. ಅವನ ಊರು ಮಹಾಗಾಂವ. ಹರೆಯದಲ್ಲಿ ತಾಲೀಮಿಗೆ ಹೋಗಿ ಕುಸ್ತಿ ಮಾಡಿದವನು. ಕೂಗು ಕೇಳಿ ಓಡಿ ಬಂದು ಹೊಡೆದವನ ಮೇಲೆ ಬಿದ್ದು ರಾಡು ಕಸಿದುಕೊಂಡಿದ್ದ. ಆ ಟವೆಲಿನವನು ತಪ್ಪಿಸಿಕೊಂಡು ಓಡಿದ್ದ.

ಪೊಲೀಸರಿಗೆ ಸೂರ್ಯಕಾಂತ ಹೇಳಿದ್ದು ಇಷ್ಟೇ. ಅವರು ಬರೆದುಕೊಂಡು ಹೋಗಿದ್ದರು.

ಸಾಯಬಣ್ಣನಿಗೆ ಎಂಟನೆಯ ದಿನ ಎಚ್ಚರ ಬಂತು. ತಾಯಿ ಶಿವಕಾಂತಮ್ಮನ ಗುರುತು ಹಿಡಿದ, ತಂಗಿಯ ಕೈ ಹಿಡಿದ. ಆ ಸಂಜೆಯದು ಮಾತ್ರ ಏನೂ ನೆನಪಿರಲಿಲ್ಲ.

"ನಾ ಸಾಯೂದಕ್ಕಿಂತ ಮೊದಲ ಅವನ ಹೆಣ ಬೀಳಬೇಕು," ಎಂದು ಕಾಕಾನ ಮಗ ಸೂಗಪ್ಪ ದಿನವೂ ಹಾಸಿಗೆಯ ಪಕ್ಕ ನಿಂತು ಹಲ್ಲು ಕಡಿಯುತ್ತಿದ್ದ. "ಯಾರಂತ ಗೊತ್ತಾಗಲಿ ತಂಗಿ. ಕಡದ್ ಬಾವ್ಯಾಗ ಒಗೀತೀನಿ."

ಬಾವಿ ಎರಡೂ ಮನೆಗಳಿಗೆ ಸೇರಿದ್ದು. ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಬೇಸಗೆಯಲ್ಲಿ ಕೈ ಕೈ ಮಿಲಾಯಿಸಿದ್ದರು. ಶಿವಕಾಂತಮ್ಮನೇ ನಡುವೆ ನಿಂತು ಬಿಡಿಸಿದ್ದಳು. ಈಗ ನೋಡಿದರೆ ಒಡಹುಟ್ಟಿದವನಿಗಿಂತ ಹೆಚ್ಚು ಸಂಕಟ ಅವನಿಗೆ. ರಕ್ತಸಂಬಂಧ ಅಂದರೆ ಇದೇ ಎಂದು ತಾಯಿ ಕಣ್ಣೊರೆಸಿಕೊಂಡಿದ್ದಳು.

ಸೂರ್ಯಕಾಂತನೂ ದಿನಾ ಬರುತ್ತಿದ್ದ. ಅವನು ಹಲ್ಲು ಕಡಿಯುತ್ತಿರಲಿಲ್ಲ. ಮಹಾಗಾಂವದಿಂದ ಅವ್ವ ಬಡಿದುಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯದ ಗಂಟು ತಂದಿಟ್ಟು, ಕಿಟಕಿಯ ಹತ್ತಿರ ಕೂರುತ್ತಿದ್ದ.

"ದಿನಾ ಯಾಕ ತ್ರಾಸ ತಗೋತೀರಿ?" ಎಂದು ಒಮ್ಮೆ ಮಹಾನಂದಾ ಕೇಳಿದಳು.

"ನನ್ನ ಒಂದ ಬಾಟಲಿ ನೆತ್ತರ ಅವ್ರೊಳಗ ಅದ ರೀ. ಹ್ಯಾಂಗ ಅದ ಅಂತ ನೋಡಿ ಹೋಗಾಕ ಬರ್ತೀನಿ."

ಅವಳು ಇಪ್ಪತ್ತು ದಿನದಲ್ಲಿ ಮೊದಲ ಸಲ ನಕ್ಕಳು. ಅವನು ತಲೆ ಬಗ್ಗಿಸಿ ಕೈಯ ಸುಟ್ಟ ಕಲೆಗಳನ್ನು ನೋಡಿಕೊಂಡ. ಅಷ್ಟೇ ನಡೆದದ್ದು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕೆ?

*

ಮಹಾನಂದಾ ಮೋಮಿನಪುರದ ಜಾಹೇದಾಳ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸುಟ್ಟ ಬೋರ್ಡು, ಸತ್ತ ಡಿಸ್ಕು, ಯಾವುದೇ ಬರಲಿ, ಬಿಚ್ಚಿ ಕೂರುವ ಹೆಣ್ಣು. ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಆ ಓಣಿಗೆ ಬಂದ ಗಿರಾಕಿಗಳು, "ಮೇಸ್ತ್ರಿ ಎಲ್ಲಿ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಉತ್ತರಿಸದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಸೂರ್ಯಕಾಂತ ಪೇಪರಿನಲ್ಲಿ ಸುತ್ತಿದ್ದ ಹಾರ್ಡ್ ಡಿಸ್ಕನ್ನು ಅವಳ ಮೇಜಿನ ಮೇಲಿಟ್ಟ.

"ಗೊಬ್ಬರದಂಗಡ್ಯಾಗ ಕ್ಯಾಮೆರಾ ಇತ್ತಂತ. ಅವ್ರ ಕಂಪ್ಯೂಟರ್ ವೋಲ್ಟೇಜಿಗೆ ಸುಟ್ಟದ. ಇದೊಂದು ಬಿಚ್ಚಿ ಕೊಟ್ರು. ಇದರಾಗ ಆ ಟವೆಲಿನವ ಸಿಗಬಹುದು ನೋಡ್ರಿ."

ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಡಿಸ್ಕಿಗೆ ವೈರು ಜೋಡಿಸಿದಳು.

ಡಿಸ್ಕ್ ಜೀವಂತವಿತ್ತು. ಆ ಸಂಜೆಯ ಫೈಲೂ ಇತ್ತು. ಆದರೆ ಅದನ್ನು ತೆರೆಯುವ ಪ್ಲೇಯರ್ ಹಳೇ ಕಾಲದ್ದು. ಹಳೆಯ ವಿಂಡೋಸ್‌ನಲ್ಲಿ ಬಿಟ್ಟರೆ ಎಲ್ಲೂ ಓಡದು. ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಒತ್ತಿದರೆ ಕಿಟಕಿ ಬಂದು ಮುಚ್ಚಿಕೊಳ್ಳುತ್ತಿತ್ತು.

"ವರ್ಚುವಲ್ ಮಷೀನ್ ಕಟ್ಟಬೇಕು," ಎಂದಳು ಮಹಾನಂದಾ.

"ಹಂಗಂದ್ರೇನ್ರಿ?"

"ದೊಡ್ಡ ಮನಿಯೊಳಗ ಒಂದ ಖೋಲಿಗೆ ಬ್ಯಾರೆ ಬಾಗಲಾ ಇಟ್ಟು ಬಾಡಗಿ ಕೊಡ್ತಾರಲ್ಲ, ಹಂಗ. ಈ ಕಂಪ್ಯೂಟರಿನೊಳಗ ಇನ್ನೊಂದ ಕಂಪ್ಯೂಟರ್. ಒಳಗಿದ್ದದ್ದಕ್ಕ ತಾನ ಪೂರ್ತಿ ಮನಿ ಅನಸ್ತದ."

"ವೆಲ್ಡಿಂಗ್ ಇದಕ್ಕಿಂತ ಸಸಾರ ಅದ ಬಿಡ್ರಿ," ಎಂದು ಸೂರ್ಯಕಾಂತ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತ.

ಮಷೀನ್ ಸುಮ್ಮನೆ ಏಳಲಿಲ್ಲ. ಮೊದಲು, ಪ್ರೊಸೆಸರಿನ ಆ ಸೌಲಭ್ಯವೇ ಬಂದ್ ಆಗಿದೆ ಎಂದು ತಕರಾರು ಮಾಡಿತು. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಅದನ್ನು ಚಾಲೂ ಮಾಡಿದಳು. ಒಳಗಿನ ಮಷೀನಿಗೆ ಪ್ರೊಸೆಸರಿನ ಎಷ್ಟು ಕೋರ್, ಅಂದರೆ ಎಷ್ಟು ಮಿದುಳು, ಕೊಡಬೇಕು ಎಂದು ಕೇಳಿದಾಗ ಅವಸರದಲ್ಲಿ ನಾಲ್ಕು ಎಂದು ಬರೆದಳು. ನಿನ್ನ ಕಂಪ್ಯೂಟರಿನಲ್ಲಿ ಇರುವುದೇ ಎರಡು, ನಾಲ್ಕು ಎಲ್ಲಿಂದ ತರಲಿ ಎಂಬಂತೆ ಮತ್ತೊಂದು ದೋಷದ ಸಂದೇಶ ಬಂತು. ಹಳೆಯ ವಿಂಡೋಸ್‌ಗೆ ಒಂದೇ ಕೋರ್ ಕೊಡಿ ಎಂದು ಸಹಾಯದ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವಳು ಓದಿದಳು. ಓದಿಯೂ ಎರಡು ಎಂದು ಹಾಕಿದಳು.

ಒಂದಕ್ಕಿಂತ ಎರಡು ಬೇಗ ಓಡುತ್ತದಲ್ಲ! ಅಣ್ಣನನ್ನು ಹೊಡೆದವನ ಮುಖ ನೋಡಲು ಇನ್ನೊಂದು ನಿಮಿಷವೂ ಅವಳಿಗೆ ತಡೆಯುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಗಿನ ಮಷೀನ್ ಎದ್ದಿತು. ಪ್ಲೇಯರ್ ತೆರೆದುಕೊಂಡಿತು. ಮಹಾನಂದಾ ಸೂಗಪ್ಪನಿಗೆ ಫೋನ್ ಮಾಡಿದಳು.

"ಅಣ್ಣಾ, ವಿಡಿಯೋ ಸಿಕ್ಕದ. ಬಾ."

ಆ ಕಡೆ ಜೀಪು ಚಾಲೂ ಆದ ಸದ್ದು ಕೇಳಿತು.

"ನಾ ಬರೂತನಾ ಯಾರಿಗೂ ತೋರಸಬ್ಯಾಡ," ಎಂದ ಸೂಗಪ್ಪ.

*

ಅವನು ಒಬ್ಬನೇ ಬರಲಿಲ್ಲ. ಹೆಂಡತಿಯ ಇಬ್ಬರು ಅಣ್ಣತಮ್ಮಂದಿರನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ. ಚಿಕ್ಕ ಅಂಗಡಿಯಲ್ಲಿ ಎಲ್ಲರೂ ಒತ್ತಿಕೊಂಡು ನಿಂತರು. ಜಾಹೇದಾ ಬಾಗಿಲಿಗೆ ಪರದೆ ಎಳೆದಳು.

ಮಹಾನಂದಾ ಗುಂಡಿ ಒತ್ತಿದಳು. ಪೊಲೀಸರಿಗೆ ಬೇಕಾಗುತ್ತದೆಂದು, ಓಡುತ್ತಿರುವಾಗಲೇ ಎರಡು ಕಡೆ ಚಿತ್ರ ಹಿಡಿದು ಪ್ರಿಂಟರಿಗೆ ಕಳಿಸಲು ಬೆರಳು ಸಿದ್ಧವಾಗಿತ್ತು.

ಪರದೆಯ ಮೇಲೆ ಓಣಿ ಕಾಣಿಸಿತು. ಬಾಳೆಗೊನೆಯ ಟೆಂಪೊ, ಗೋಡೆ, ಸಂಜೆಯ ಬಿಸಿಲು.

ಸೂರ್ಯಕಾಂತ ನಿಂತಿದ್ದಾನೆ. ಕೈಯಲ್ಲಿ ಕಬ್ಬಿಣದ ರಾಡು. ರಾಡು ಮೇಲಕ್ಕೆತ್ತಿದ್ದಾನೆ.

ಚಿತ್ರ ಜಗ್ಗಿತು. ಟೆಂಪೊದ ಮರೆಯಿಂದ ಒಂದು ತೋಳು, ಒಂದು ರಾಡು ಬೀಸಿ ಬಂತು. ಸಾಯಬಣ್ಣನ ತಲೆ ಮುಂದಕ್ಕೆ ಚಿಮ್ಮಿತು. ಅವನು ಮೊಣಕಾಲೂರಿ, ಮುಖ ಅಡಿಯಾಗಿ ಬಿದ್ದ.

ಮತ್ತೆ ಜಗ್ಗಿತು. ಸೂರ್ಯಕಾಂತ ರಾಡು ಎಸೆದು ಸಾಯಬಣ್ಣನನ್ನು ಎತ್ತಿಕೊಳ್ಳುತ್ತಿದ್ದಾನೆ.

ಟವೆಲಿನವನು ಎಲ್ಲೂ ಇರಲಿಲ್ಲ.

ಮಹಾನಂದಾ ನಿಧಾನವಾಗಿ ತಿರುಗಿದಳು. ಸೂರ್ಯಕಾಂತ ಪರದೆಯನ್ನೇ ನೋಡುತ್ತಿದ್ದ. ಅವನ ಬಾಯಿ ಅರ್ಧ ತೆರೆದಿತ್ತು.

"ಇದು... ಹಿಂಗ ಆಗಿಲ್ಲ ರೀ," ಎಂದ. "ನಾ ಬರೂದರಾಗ ಅವ್ರು ಬಿದ್ದಿದ್ರು. ಮಹಾನಂದಾ ಅವ್ರೇ, ಇದು ಹಿಂಗ..."

ರೊಟ್ಟಿಯ ಗಂಟು. ಕಿಟಕಿಯ ಪಕ್ಕದ ಕುರ್ಚಿ. ನನ್ನ ನೆತ್ತರ ಅವರೊಳಗೆ ಇದೆ ಎಂಬ ಆ ಮಾತು. ಎಲ್ಲಾ ಹೊಡೆದವನ ನಾಟಕ... ನಾನು ಇವನಿಗಾಗಿ ನಿದ್ದೆಗೆಟ್ಟೆ!

ಅವಳ ಕೈಗೆ ಸಿಕ್ಕಿದ್ದು ಕೀಬೋರ್ಡು. ಎರಡೂ ಕೈಯಿಂದ ಎತ್ತಿ ಅವನ ಮುಖಕ್ಕೆ ಹೊಡೆದಳು. ಕೀಲಿಗಳು ಸಿಡಿದು ನೆಲದ ತುಂಬ ಹರಡಿದವು. ಅವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಮತ್ತೆ ಹೊಡೆದಳು. ಕೀಬೋರ್ಡು ಎರಡು ತುಂಡಾಯಿತು. ನಾಲ್ಕು ಜನರನ್ನು ಒಮ್ಮೆಗೇ ಎತ್ತಿ ಒಗೆಯಬಲ್ಲ ಆಳು ಒಂದು ಬೆರಳೂ ಎತ್ತಲಿಲ್ಲ.

"ಸಾಕು, ಬಂದ್ ಮಾಡ್ರಿ ಇದನ್ನ!" ಎಂದು ಸೂಗಪ್ಪ ಗರ್ಜಿಸಿ ಸ್ಟೂಲ್ ಎತ್ತಿ ಮಾನಿಟರಿನ ಮೇಲೆ ಬಡಿದ. ಗಾಜು ಪುಡಿಯಾಯಿತು. ಮತ್ತೊಮ್ಮೆ ಸ್ಟೂಲ್ ಎತ್ತಿ ಕಂಪ್ಯೂಟರ್ ಡಬ್ಬಿಯ ಕಡೆ ನುಗ್ಗಿದ.

ಜಾಹೇದಾ ಡಬ್ಬಿಯ ಮುಂದೆ ಬಂದು ನಿಂತಳು. "ಏ ಭಾಯ್, ಬಸ್. ದುಕಾನ ನಂದದ. ಇದಕ್ಕ ಕೈ ಹಚ್ಚಿದ್ರ ಮೊದಲ ನನಗ ಬಡಿಬೇಕಾಗ್ತದ."

ಸೂಗಪ್ಪ ಸ್ಟೂಲ್ ಬಿಸಾಕಿದ. ತಮ್ಮನ ಮೇಲಿನ ಮಮತೆಗೆ ತಲೆ ಕೆಟ್ಟಿದೆ ಎಂದುಕೊಂಡರು ಎಲ್ಲರೂ.

ಮೂವರೂ ಸೇರಿ ಸೂರ್ಯಕಾಂತನನ್ನು ಓಣಿಗೆಳೆದರು. ಹೊಟ್ಟೆಗೆ ಒದ್ದರು. ಬಿದ್ದವನ ಬೆನ್ನಿಗೆ, ಪಕ್ಕೆಗೆ ಒದ್ದರು. ಎದುರಿನ ಹೋಟೆಲಿನ ಮಂದಿ ಓಡಿ ಬಂದು ನಡುವೆ ಬಿದ್ದಾಗ ಸೂಗಪ್ಪ, "ಖೂನ್ ಮಾಡಾಂವ ಇವ. ಠಾಣಾಕ್ಕ ಒಯ್ತೀವಿ," ಎಂದು ಜೀಪಿಗೆ ಹಾಕಿಕೊಂಡ.

ಜೀಪು ಹತ್ತುವ ಮೊದಲು ಸೂರ್ಯಕಾಂತ ಒಮ್ಮೆ ಅಂಗಡಿಯ ಬಾಗಿಲನ್ನು ನೋಡಿದ. ಮಹಾನಂದಾ ಮುಖ ತಿರುಗಿಸಿದಳು.

*

ಗಾಜಿನ ಚೂರುಗಳ ನಡುವೆ ಅವಳು ಬಹಳ ಹೊತ್ತು ಕೂತಿದ್ದಳು. ಅಳು ಬರಲಿಲ್ಲ. ಜಾಹೇದಾ ಕಸ ಗುಡಿಸುತ್ತ, ಪ್ರಿಂಟರಿನಿಂದ ಎರಡು ಹಾಳೆ ತೆಗೆದು ಅವಳ ತೊಡೆಯ ಮೇಲಿಟ್ಟಳು.

"ಪೊಲೀಸರಿಗೆ ಕೊಡಬೇಕಲ್ಲ, ಸರಿ ನಂಬರ್ ಹಾಕು."

ಮಹಾನಂದಾ ಪೆನ್ನು ತೆಗೆದುಕೊಂಡಳು. ರಾಡು ಎತ್ತಿ ನಿಂತ ಸೂರ್ಯಕಾಂತ. ಅದರ ಮೇಲೆ ಒಂದು ಎಂದು ಬರೆದಳು. ಬೀಳುತ್ತಿರುವ ಅಣ್ಣ. ಎರಡು ಎಂದು ಬರೆಯಲು ಹೋದಳು.

ಪೆನ್ನು ಅಲ್ಲೇ ನಿಂತಿತು.

ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಯಾಮೆರಾದ ಸಮಯವಿತ್ತು. ರಾಡು ನೋಡುವ ಭರದಲ್ಲಿ ಅತ್ತ ಯಾರ ಕಣ್ಣೂ ಹೋಗಿರಲಿಲ್ಲ. ಮೊದಲ ಹಾಳೆಯಲ್ಲಿ ಐದು ನಲವತ್ತೆರಡು, ಮೂವತ್ತೊಂದು ಸೆಕೆಂಡು. ಎರಡನೆಯದರಲ್ಲಿ ಐದು ನಲವತ್ತೆರಡು, ಹತ್ತೊಂಬತ್ತು ಸೆಕೆಂಡು.

ಮೊದಲು ಕಂಡದ್ದು ನಂತರ ನಡೆದದ್ದು! ಅಣ್ಣ ಬಿದ್ದು ಹನ್ನೆರಡು ಸೆಕೆಂಡು ಕಳೆದ ಮೇಲೆ ಸೂರ್ಯಕಾಂತನ ಕೈಯಲ್ಲಿ ರಾಡು ಇತ್ತು.

"ಆಪಾ..." ಅವಳು ಎರಡೂ ಹಾಳೆ ಜಾಹೇದಾಳ ಮುಂದೆ ಹಿಡಿದಳು. "ನಾ ಎರಡು ಕೋರ್ ಕೊಟ್ಟೆ ಆಪಾ. ಒಂದೊಂದು ಕೋರಿಗೂ ತನ್ನ ತನ್ನ ಗಡಿಯಾರ ಇರ್ತದ. ಎರಡೂ ಹೊಂದಲಿಲ್ಲಂದ್ರ ಹಳೇ ಪ್ಲೇಯರಿಗೆ ತಿಳಿಯಂಗಿಲ್ಲ. ಒಮ್ಮೆ ಇದನ್ನ ನೋಡ್ತದ, ಒಮ್ಮೆ ಅದನ್ನ. ಮುಂದಿಂದು ಹಿಂದ ಹಾಕ್ತದ, ನಡುವಿಂದು ನುಂಗ್ತದ."

"ಅಂದ್ರ ಆ ಹುಡುಗ ಬಡದಿಲ್ಲ?"

"ಗೊತ್ತಿಲ್ಲ. ನಡುವಿನ ಹನ್ನೆರಡು ಸೆಕೆಂಡು ನಾ ನೋಡೇ ಇಲ್ಲ."

ಸೂಗಪ್ಪನಿಗೆ ಫೋನ್ ಹಚ್ಚಿದಳು. "ಅಣ್ಣಾ, ಅವ್ರಿಗೆ ಕೈ ಹಚ್ಚಬ್ಯಾಡ. ವಿಡಿಯೋ ತಪ್ಪ ಓಡ್ಯದ. ಇನ್ನೊಮ್ಮೆ ನೋಡಾಕತ್ತೀನಿ."

"ಇನ್ನೇನೂ ನೋಡೂದು ಬ್ಯಾಡ," ಎಂದ ಸೂಗಪ್ಪ. "ಆ ಡಿಸ್ಕ್ ಒಡದ್ ಹಾಕು. ನಾವು ಠಾಣಾದಾಗ ಅದೀವಿ."

ಫೋನು ಕಟ್ಟಾಯಿತು. ಆದರೆ ಅವನ ಮಾತಿನ ಹಿಂದೆ ಒಂದು ಸದ್ದು ಕೇಳಿತ್ತು. ಹೊಯ್ದಾಡುತ್ತ ಓಡುವ ಹಳೆಯ ನೀರಿನ ಮೋಟಾರು. ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದವಳು ಅವಳು. ಕಮಲಾಪುರದ ತೋಟದ ಬಾವಿಯ ಮೋಟಾರ್ ಖೋಲಿ.

ಪೊಲೀಸ್ ಠಾಣೆಗೆ ಜೀಪು ಹೋಗೇ ಇಲ್ಲ.

ಜಾಹೇದಾ ಪೊಲೀಸರಿಗೆ ಫೋನ್ ಮಾಡಿದಳು. ಪುರಾವೆ ಇಲ್ಲದೆ ಹೋದರೆ ಸೂಗಪ್ಪ ಕೇಳುವವನಲ್ಲ ಎಂದು ಮಹಾನಂದಾ ಹಳೆಯ ಮಾನಿಟರ್, ಕೀಬೋರ್ಡು ಜೋಡಿಸಿ ಸೆಟ್ಟಿಂಗಿನಲ್ಲಿ ಎರಡನ್ನು ಅಳಿಸಿ ಒಂದು ಬರೆದಳು. ಒಳಗಿನ ಮಷೀನ್ ಅರ್ಧಕ್ಕೆ ಎದ್ದು ನಿಂತುಬಿಟ್ಟಿತು. ಎರಡು ಕೋರಿಗೆಂದು ಹಾಕಿದ ವಿಂಡೋಸ್ ಒಂದಕ್ಕೆ ಒಗ್ಗಲಿಲ್ಲ. ಮತ್ತೆ ಎಬ್ಬಿಸಿದಳು, ಮತ್ತೆ ನಿಂತಿತು.

ಎಲ್ಲಾ ಅಳಿಸಿ ಹೊಸದಾಗಿ ಕಟ್ಟಬೇಕು. ಕಡಿಮೆ ಎಂದರೂ ಮೂವತ್ತೈದು ನಿಮಿಷ.

ಹುಡುಗಿಯರೇ, ಪ್ರೀತಿಸಿದವನಿಗಾಗಿ ಕಾಯುವುದು ಸುಖ ಎನ್ನುತ್ತೀರಲ್ಲ, ಈ ಮೂವತ್ತೈದು ನಿಮಿಷ ಕಾದು ನೋಡಬೇಕಿತ್ತು ನೀವು. ನೀಲಿ ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯುತ್ತಿತ್ತು. ಅಲ್ಲಿ ಅವನಿಗೆ ಒಂದೊಂದು ಏಟು ಬೀಳುತ್ತಿತ್ತು. ಅವಳು ಬೆರಳಿನ ಗಂಟು ಕಚ್ಚಿ ರಕ್ತ ಬರಿಸಿಕೊಂಡಳು.

ತಪ್ಪು ಮಾಡಿದವನು ತಾನೇ ಡಿಸ್ಕ್ ತಂದು ಕೊಡುತ್ತಾನೆಯೇ? ಈ ಒಂದು ಪ್ರಶ್ನೆ ನನಗೆ ಆಗ ಯಾಕೆ ಹೊಳೆಯಲಿಲ್ಲ?

ಕೊನೆಗೂ ಪ್ಲೇಯರ್ ತೆರೆಯಿತು. ಈ ಸಲ ಮಹಾನಂದಾ ಮೂಲೆಯ ಅಂಕಿಯನ್ನು ಮೊದಲು ನೋಡಿದಳು. ಸೆಕೆಂಡುಗಳು ಒಂದರ ಹಿಂದೆ ಒಂದು ಸಾಲಾಗಿ ನಡೆದವು.

ಹತ್ತೊಂಬತ್ತು. ಅಣ್ಣ ಬಿದ್ದ. ಟೆಂಪೊದ ಮರೆಯಿಂದ ಟವೆಲಿನವನು ಹೊರಬಂದು ಮತ್ತೊಮ್ಮೆ ರಾಡು ಎತ್ತಿದ. ಇಪ್ಪತ್ನಾಲ್ಕು. ಸೂರ್ಯಕಾಂತ ಬರಿಗೈಯಲ್ಲಿ ಓಡಿ ಬಂದು ಅವನ ಮೇಲೆ ಬಿದ್ದ. ಇಬ್ಬರೂ ಗೋಡೆಗೆ ಅಪ್ಪಳಿಸಿದರು. ರಾಡು ಸೂರ್ಯಕಾಂತನ ಭುಜಕ್ಕೆ ಬಿತ್ತು. ಅವನು ಬಿಡದೆ ಅದನ್ನು ಕಸಿದುಕೊಂಡು, ಬೆದರಿಸಲು ಎತ್ತಿ ಹಿಡಿದ. ಇಪ್ಪತ್ತೆಂಟು. ತಪ್ಪಿಸಿಕೊಂಡವನು ಕ್ಯಾಮೆರಾದ ಕೆಳಗೇ ಓಡಿ ಬಂದ. ಟವೆಲ್ ಕುತ್ತಿಗೆಗೆ ಜಾರಿತ್ತು.

ಮುಖ ಪೂರ್ತಿ ಕಾಣುತ್ತಿತ್ತು.

ಸೂಗಪ್ಪ.

*

ಜಾಹೇದಾಳ ತಮ್ಮ ಮೈಬೂಬ ತನ್ನ ಸುಮೊವನ್ನು ಹುಮನಾಬಾದ್ ರಸ್ತೆಯಲ್ಲಿ ಹೇಗೆ ಓಡಿಸಿದನೋ ಅವನಿಗೇ ಗೊತ್ತು. ಮಹಾಗಾಂವ ಕ್ರಾಸ್ ದಾಟಿದ್ದು ಮಹಾನಂದಾಳಿಗೆ ತಿಳಿಯಲಿಲ್ಲ. ಇಪ್ಪತ್ತೆಂಟನೆಯ ಸೆಕೆಂಡಿನ ಚಿತ್ರ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಬಾಳೆಯ ಸಾಲುಗಳ ನಡುವೆ ಅವಳು ಓಡಿದಳು. ಮೋಟಾರಿನ ಸದ್ದಿನ ಮಧ್ಯೆ ಒಂದು ನರಳಾಟ ಕೇಳಿಸಿತು.

ಖೋಲಿಯೊಳಗೆ ಸೂರ್ಯಕಾಂತನನ್ನು ನೀರಿನ ಪೈಪಿಗೆ ವೈರಿನಿಂದ ಕಟ್ಟಿದ್ದರು. ಮುಖ ಗುರುತು ಸಿಗದಷ್ಟು ಊದಿತ್ತು. ಬಲಗೈಯ ಬೆರಳುಗಳು ಕಲ್ಲಿಗೆ ಸಿಕ್ಕಿ ಅಡ್ಡಾದಿಡ್ಡಿ ಮುರಿದಿದ್ದವು. ಅಂಗಿ ಹರಿದು ಬೆನ್ನು ತುಂಬ ಬಾಸುಂಡೆ. ಸೂಗಪ್ಪನ ಕೈಯಲ್ಲಿ ಬಾಳೆಗೊನೆ ಕಡಿಯುವ ಕುಡಗೋಲಿತ್ತು.

"ತಾನ ಬಾವ್ಯಾಗ ಹಾರಿ ಸತ್ತ ಅಂತ ಹೇಳಿದ್ರಾತು," ಎನ್ನುತ್ತಿದ್ದ ಅವನು ಬಾಮೈದರಿಗೆ. "ಮಾಡಿದ್ದಕ್ಕ ಅಂಜಿ ಸತ್ತ ಅಂತಾರ ಮಂದಿ. ಎತ್ತರಿ."

ಮಹಾನಂದಾ ನುಗ್ಗಿ ಸೂರ್ಯಕಾಂತನಿಗೆ ಅಡ್ಡ ನಿಂತಳು.

"ಎತ್ತೂಕಿಂತ ಮೊದಲ ಇದನ್ನ ನೋಡ್ರಿ," ಎಂದು ಹಾಳೆಯನ್ನು ಆ ಇಬ್ಬರ ಮುಖಕ್ಕೆ ಹಿಡಿದಳು. "ನಮ್ಮಣ್ಣನ ತಲಿ ಒಡದಾಂವ ಇವ. ನಿಮ್ಮ ಭಾವ. ಬಡದು ಓಡಾಕತ್ತಾನ, ಕೊಳ್ಳಾಗ ಟವೆಲ್ ಅದ. ನೀವೂ ಇವನ ಜೋಡಿ ಜೈಲಿಗೆ ಹೋಗ್ತೀರೇನು?"

ದೊಡ್ಡವನು ಹಾಳೆ ತೆಗೆದುಕೊಂಡ. ನೋಡಿದ. ಕೈಯಲ್ಲಿದ್ದ ಬಡಿಗೆ ಕೆಳಗೆ ಬಿತ್ತು.

"ಸೂಗಪ್ಪ... ನಮಗ ಸುಳ್ಳ ಹೇಳಿದಿ?"

"ನನ್ನ ಪಾಳಿ ದಿನ ನೀರ ಬಂದ್ ಮಾಡಿದ ಅವ!" ಸೂಗಪ್ಪನ ಗಂಟಲಿನ ನರ ಉಬ್ಬಿತು. "ನನ್ನ ಬೆಳಿ ಒಣಗಿಸಿ ನಾಕ ಮಂದಿ ಮುಂದ ನಕ್ಕ. ಕಾಕಾನ ಮಗ ಆದ್ರ ಬಿಡಬೇಕೇನು? ಸರಿ ನೀ, ಸರಿ ಅಂದೆ!"

ಮಹಾನಂದಾ ಸರಿಯಲಿಲ್ಲ. ಕುಡಗೋಲು ಬೀಸಿತು. ಅವಳು ಎತ್ತಿದ ತೋಳಿನ ಮೇಲೆ ಮೊಣಕೈಯಿಂದ ಮುಂಗೈವರೆಗೆ ಚರ್ಮ ಬಿರಿದುಕೊಂಡಿತು. ಬಿಸಿ ರಕ್ತ ಅವಳ ಹಿಂದೆ ಕಟ್ಟಿಸಿಕೊಂಡು ಕೂತಿದ್ದವನ ಮುಖದ ಮೇಲೆ ಸಿಡಿಯಿತು.

ಅಷ್ಟು ಹೊತ್ತು ಅರೆಪ್ರಜ್ಞೆಯಲ್ಲಿದ್ದ ಸೂರ್ಯಕಾಂತ ಕಣ್ಣು ಬಿಟ್ಟ. ಕೈ ಕಟ್ಟಿತ್ತು, ಕಾಲು ಕಟ್ಟಿರಲಿಲ್ಲ. ಎರಡನೆಯ ಸಲ ಕುಡಗೋಲು ಮೇಲೇಳುವಷ್ಟರಲ್ಲಿ ಎರಡೂ ಕಾಲು ಚಾಚಿ ಸೂಗಪ್ಪನ ಮೊಣಕಾಲುಗಳನ್ನು ಕತ್ತರಿಯಂತೆ ಹಿಡಿದು ತಿರುವಿದ. ಸೂಗಪ್ಪ ಧಡಾರನೆ ಬಿದ್ದು ತಲೆ ಮೋಟಾರಿನ ಕಬ್ಬಿಣಕ್ಕೆ ಬಡಿಯಿತು. ಮೈಬೂಬ ಅವನ ಬೆನ್ನ ಮೇಲೆ ಕೂತು ಕೈ ತಿರುಚಿ ಹಿಡಿದ. ಪೊಲೀಸರು ಬಂದದ್ದು ಅದಾದ ಹತ್ತು ನಿಮಿಷಕ್ಕೆ.

ಮಹಾನಂದಾ ಒಂದೇ ಕೈಯಿಂದ ವೈರು ಬಿಚ್ಚುತ್ತಿದ್ದಳು. ಬೆರಳು ಜಾರುತ್ತಿದ್ದವು. ಹಲ್ಲಿನಿಂದ ಕಚ್ಚಿ ಎಳೆದಳು. ಕಟ್ಟು ಬಿಚ್ಚಿದಾಗ ಸೂರ್ಯಕಾಂತ ಅವಳ ಭುಜದ ಮೇಲೆ ಒರಗಿದ. ಅವಳು ಅವನನ್ನು ಬಿಡದೆ ಹಾಗೇ ಕೂತಳು. ಈಗ ಬಂತು ಅಳು.

*

ನಾಲ್ಕು ದಿನವಾದ ಮೇಲೆ, ಅದೇ ದವಾಖಾನೆ.

ಮೇಲಿನ ವಾರ್ಡಿನಲ್ಲಿ ಸಾಯಬಣ್ಣ, ಕೆಳಗಿನ ವಾರ್ಡಿನಲ್ಲಿ ಸೂರ್ಯಕಾಂತ. ಶಿವಕಾಂತಮ್ಮ ಗಂಜಿಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮಹಾನಂದಾ ಮಾತ್ರ ನಾಲ್ಕು ದಿನವೂ ವಾರ್ಡಿನ ಬಾಗಿಲವರೆಗೆ ಬಂದು, ಹೊಲಿಗೆ ಹಾಕಿದ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹಿಂದಿರುಗಿದ್ದಳು.

"ಆ ಹುಡುಗ ಬಾಗಿಲಾ ಕಡೇನ ನೋಡ್ತಾನ," ಎಂದಳು ತಾಯಿ. "ಹೋಗು. ಬೈದ್ರ ಬೈಸ್ಕೊ. ಬೈಸ್ಕೊಳ್ಳೂವಂಥದ್ದ ಮಾಡೀದಿ."

ಅವಳು ಒಳಗೆ ಹೋದಳು. ಅವನ ಬಲಗೈ ಪೂರ್ತಿ ಪ್ಲಾಸ್ಟರಿನಲ್ಲಿತ್ತು. ಹುಬ್ಬಿನ ಮೇಲೆ ಆರು ಹೊಲಿಗೆ. ಆ ಆರೂ ಅವಳವು.

"ಡಾಕ್ಟರ್ ಏನಂದ್ರು... ಬೆರಳಿಗೆ?"

"ಎರಡು ಮಡಚಂಗಿಲ್ಲಂತ. ಮೂರು ಸಾಕು, ವೆಲ್ಡಿಂಗಿಗೆ."

ಅವಳು ಮಂಚದ ಕಬ್ಬಿಣ ಹಿಡಿದು ನಿಂತಳು. ಹೇಳಬೇಕೆಂದು ನಾಲ್ಕು ದಿನ ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಹೋಯಿತು.

"ನಾ ಮಷೀನ್ ನಂಬಿದೆ. ನಿಮ್ಮನ್ನ ನಂಬಲಿಲ್ಲ. ಆ ಮಷೀನಿಗೆ ತಪ್ಪ ಕಲಿಸಿದಾಕಿನೂ ನಾನ. ನನಗ ಮಾಫಿ ಕೊಡಬ್ಯಾಡ್ರಿ. ಹೇಳಿ ಹೋಗಬೇಕಂತ ಬಂದೆ, ಅಷ್ಟ."

ಅವನು ಪ್ಲಾಸ್ಟರಿನ ಕೈಯನ್ನು ನೋಡಿಕೊಂಡ. ಪಕ್ಕದ ಹಾಸಿಗೆಯವರ ರೇಡಿಯೊ ಸಣ್ಣಗೆ ಗೊಣಗುತ್ತಿತ್ತು.

"ನನಗ ಸಿಟ್ಟ ಅದ," ಎಂದ ಕೊನೆಗೆ.

"ಇರಬೇಕ್ರಿ. ನಾ ಹಂಗ ಹೊಡದೀನಿ."

"ಹೊಡದದ್ದಕ್ಕಲ್ಲ." ಅವನು ಅವಳ ಕಡೆ ತಿರುಗಿದ. "ನಿಮ್ಮಣ್ಣನ ತಲಿ ಹಂಗ ಒಡದದ್ದು ಕಂಡ್ರ ನಾನೂ ಹೊಡೀತಿದ್ದೆ. ಆದ್ರ ನೀವು ಕೇಳಲಿಲ್ಲ. ಒಂದ ಸಲ, 'ಸೂರ್ಯಕಾಂತ, ಇದು ಖರೆ ಏನು?' ಅಂತ ಕೇಳಿದ್ರ ಸಾಕಿತ್ತು. ಪೈಪಿಗೆ ಕಟ್ಟಿ ಬೆರಳ ಜಜ್ಜಾಗನೂ ಅದ ನೆನಪಾಗಾಕತ್ತಿತ್ತು. ಯಾಕ ಕೇಳಲಿಲ್ಲ ಅಂತ."

ಏಟು ಅಂದರೆ ಇದು. ಕುಡಗೋಲು ಬಿದ್ದಾಗ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಅಂಜಿಕಿ ರೀ," ಎಂದಳು. "ನೀವು ಹೌದು ಅಂದ್ರ ನಾ ಹ್ಯಾಂಗ ಬದುಕಬೇಕಿತ್ತು? ನಿಮ್ಮ ಮ್ಯಾಲ ನನಗ ಅಷ್ಟ ಜೀವ ಇತ್ತು. ಈಗೂ ಅದ. ಅದಕ್ಕ ಕೇಳೂ ಧೈರ್ಯ ಆಗಲಿಲ್ಲ."

ಪ್ಲಾಸ್ಟರಿಲ್ಲದ ಎಡಗೈ ಹಾಸಿಗೆಯ ಅಂಚಿನಿಂದ ನಿಧಾನವಾಗಿ ಕೆಳಗಿಳಿಯಿತು. ಅವಳ ತಲೆಯ ಮೇಲೆ ಬಂದು ನಿಂತಿತು.

"ಈಗ ಅದ ಏನು, ಧೈರ್ಯ?" ಎಂದು ಕೇಳಿದ ಸೂರ್ಯಕಾಂತ.

ಅವಳು ಮುಖ ಎತ್ತಿದಳು. ಊದಿದ ರೆಪ್ಪೆಗಳ ನಡುವೆ ಅವನ ಕಣ್ಣು ತುಂಬಿದ್ದವು. ಗಂಜಿಯ ಡಬ್ಬಿ ಹಿಡಿದ ತಾಯಿ ಬಾಗಿಲಲ್ಲಿ ನಿಂತದ್ದು ಮಹಾನಂದಾಳಿಗೆ ಕಂಡಿತು. ಕಂಡರೂ ನಿಲ್ಲಲಿಲ್ಲ.

"ಇಷ್ಟೆಲ್ಲಾ ಆದ ಮ್ಯಾಲೂ... ನನ್ನ ಲಗ್ನ ಆಗ್ತೀರೇನ್ರಿ?"

ಸೂರ್ಯಕಾಂತ ಕಣ್ಣು ಮುಚ್ಚಿದ. ಒಂದು ಹನಿ ಹೊಲಿಗೆಯ ಪಕ್ಕ ಇಳಿದು ಕಿವಿಯೊಳಗೆ ಹೋಯಿತು.

"ಆಗ್ತೀನಿ," ಎಂದ. "ಕೇಳಿದಿಯಲ್ಲ, ಸಾಕು."